ಮಸಾಜ್ ಟೇಬಲ್ ನಿರ್ವಹಣೆ: ಮೊದಲು ಜಿಡ್ಡು ಹೋಗಬೇಕು, ಆಮೇಲೆ ಸೋಂಕುನಿವಾರಕ

ಮಸಾಜ್ ಟೇಬಲ್‌ನ ಆಯುಸ್ಸು ಹೆಚ್ಚಾಗಿ ಮುಗಿಯುವುದು ಮೇಲ್ಹೊದಿಕೆಯಲ್ಲಿ. ಚೌಕಟ್ಟು ಇನ್ನೂ ಗಟ್ಟಿಯಾಗಿರುತ್ತದೆ, ಕಾಲುಗಳು ನೆಟ್ಟಗಿರುತ್ತವೆ. ಆದರೆ ತಲೆಯ ಕಡೆಯ ರೆಕ್ಸಿನ್ ಸಿಪ್ಪೆ ಏಳುತ್ತಿರುತ್ತದೆ, ಅಂಚಿನ ಹೊಲಿಗೆಯಲ್ಲಿ ಕಪ್ಪು ಗೆರೆ ಕೂತಿರುತ್ತದೆ, ಹತ್ತಿರ ಬಾಗಿದರೆ ಹಳೆಯ ಎಣ್ಣೆಯ ಕಮಟು ವಾಸನೆ ಬರುತ್ತದೆ. ಇಂಥ ಟೇಬಲ್ ಕಂಡಾಗ ಅದನ್ನು ಯಾರೂ ಒರೆಸುತ್ತಿರಲಿಲ್ಲ ಎಂದುಕೊಳ್ಳಬೇಡಿ. ಬಹುತೇಕ ಸಲ ದಿನವೂ ಒರೆಸಿರುತ್ತಾರೆ. ಒರೆಸುವ ಕ್ರಮ ತಪ್ಪಿರುತ್ತದೆ. ಎಣ್ಣೆ ಇದ್ದಂತೆಯೇ ಮೇಲೆ ಸೋಂಕುನಿವಾರಕ ಸಿಂಪಡಿಸಿ, ಅದು ಕೆಲಸ ಮಾಡುವ ಮೊದಲೇ ಒಣಬಟ್ಟೆಯಿಂದ ಉಜ್ಜಿ, ಮುಂದಿನವರನ್ನು ಒಳಗೆ ಕರೆದಿರುತ್ತಾರೆ.

ಎಣ್ಣೆಯ ಪದರದ ಅಡಿಯಲ್ಲಿರುವ ಸೂಕ್ಷ್ಮಾಣುಗಳನ್ನು ಔಷಧಿ ಸರಿಯಾಗಿ ತಲುಪುವುದೇ ಇಲ್ಲ. ಔಷಧಿಯ ಉಳಿಕೆ ಮಾತ್ರ ಹೊದಿಕೆಯ ಮೇಲೆ ಕೂತು ಅದನ್ನು ತಿನ್ನುತ್ತದೆ. ಅತ್ತ ಸೋಂಕೂ ಹೋಗಲಿಲ್ಲ, ಇತ್ತ ರೆಕ್ಸಿನ್ನೂ ಉಳಿಯಲಿಲ್ಲ. ಆದ್ದರಿಂದ ಜಿಡ್ಡು ತೆಗೆಯುವುದು ಒಂದು ಕೆಲಸ, ಸೋಂಕು ನಿವಾರಿಸುವುದು ಇನ್ನೊಂದು ಕೆಲಸ ಎಂದು ಮನಸ್ಸಿನಲ್ಲಿ ಬೇರ್ಪಡಿಸಿಕೊಳ್ಳಿ. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ ನಿಂತಿದೆ.

ಸೋಂಕಿನ ವಿಷಯ ಹಗುರವಾದದ್ದಲ್ಲ. ಚರ್ಮದ ಕುರು, ಕೀವಿಗೆ ಕಾರಣವಾಗುವ ಸ್ಟ್ಯಾಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾ ಒಣ ಮೇಲ್ಮೈಯ ಮೇಲೆ ದಿನಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬದುಕಿರಬಲ್ಲದು. ಗಜಕರ್ಣದ ಶಿಲೀಂಧ್ರ ಉದುರಿದ ಚರ್ಮದ ಪುಡಿಯಲ್ಲಿ ಕೂತು ಮುಂದಿನ ಮೈಗಾಗಿ ಕಾಯುತ್ತದೆ. ಬರಿಮೈಯಲ್ಲಿ, ಕಣ್ಣು ಮುಚ್ಚಿ, ನಮ್ಮನ್ನು ನಂಬಿ ಮಲಗುವವರಿಗೆ ಟೇಬಲ್ ಶುಚಿಯಾಗಿದೆಯೇ ಎಂದು ಪರೀಕ್ಷಿಸುವ ಅವಕಾಶವಿಲ್ಲ. ಅದು ಪೂರ್ತಿಯಾಗಿ ನಮ್ಮ ಹೊಣೆ.

ಹೊದಿಕೆ ಯಾವುದು ಎಂದು ತಿಳಿದುಕೊಳ್ಳಿ

ಎಲ್ಲರೂ ರೆಕ್ಸಿನ್ ಎಂದು ಕರೆಯುವ ಹೊದಿಕೆ ಸಾಮಾನ್ಯವಾಗಿ ಎರಡು ಬಗೆಯದು. ಒಂದು ಪಿವಿಸಿ, ಅಂದರೆ ವಿನೈಲ್. ಇನ್ನೊಂದು ಪಿಯು, ಅಂದರೆ ಪಾಲಿಯುರೆಥೇನ್. ಎರಡೂ ನೋಡಲು ಚರ್ಮದಂತೆಯೇ ಇರುತ್ತವೆ, ಆದರೆ ಹಾಳಾಗುವ ರೀತಿ ಬೇರೆ ಬೇರೆ.

ಪಿವಿಸಿ ಸ್ವಭಾವತಃ ಗಡುಸಾದ ಪ್ಲಾಸ್ಟಿಕ್. ಅದನ್ನು ಮೆದುವಾಗಿಸಲು ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ದ್ರವ್ಯವನ್ನು ಬೆರೆಸಿರುತ್ತಾರೆ. ಆಲ್ಕೋಹಾಲ್, ಥಿನ್ನರ್, ಒರೆಸದೆ ಬಿಟ್ಟ ಮಸಾಜ್ ಎಣ್ಣೆ ಇವೆಲ್ಲ ಆ ದ್ರವ್ಯವನ್ನು ನಿಧಾನವಾಗಿ ಹೊರಗೆಳೆಯುತ್ತವೆ. ಅದು ಕಡಿಮೆಯಾದಂತೆ ಹೊದಿಕೆ ಬಿರುಸಾಗಿ, ಮೂಲೆಗಳಲ್ಲಿ ಮತ್ತು ಮೊಣಕೈ ಊರುವ ಕಡೆಗಳಲ್ಲಿ ಬಿರುಕು ಬಿಡುತ್ತದೆ. ಪಿಯು ಹೊದಿಕೆ ಬಟ್ಟೆಯ ಮೇಲೆ ಬಳಿದ ತೆಳು ಪದರ; ಮೈಗೆ ಹೆಚ್ಚು ಹಿತ. ತೇವ, ಬಿಸಿ, ಬೆವರು ಕೂಡಿದರೆ ಆ ಪದರದ ಅಣುಬಂಧಗಳು ಕಡಿದು ಅದು ಸಿಪ್ಪೆಯಾಗಿ ಏಳುತ್ತದೆ. ಹೀಗಾಗಿ ಪಿವಿಸಿಯ ಮಟ್ಟಿಗೆ ಕಟು ದ್ರಾವಕವನ್ನು ದೂರ ಇಡುವುದು ಮುಖ್ಯ, ಪಿಯು ಮಟ್ಟಿಗೆ ತೇವ ಉಳಿಯದಂತೆ ಒಣಗಿಸುವುದೂ ಅಷ್ಟೇ ಮುಖ್ಯ.

ನಿಮ್ಮದು ಯಾವುದು ಎಂಬುದು ತಯಾರಕರ ಕೈಪಿಡಿಯಲ್ಲಿ ಅಥವಾ ಟೇಬಲ್‌ನ ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿ ಇರುತ್ತದೆ. ಕೈಪಿಡಿಯಲ್ಲಿ ಯಾವ ಶುಚಿಕಾರಕ ಬೇಡ ಎಂದು ಬರೆದಿದೆ ಎಂಬುದನ್ನು ತಪ್ಪದೆ ಓದಿ. ಬೇಡವೆಂದದ್ದನ್ನು ಬಳಸಿದರೆ ಖಾತರಿಯೂ ಕೈತಪ್ಪಬಹುದು. ಹೊಸ ದ್ರವ ಯಾವುದೇ ಇರಲಿ, ಮೊದಲು ಟೇಬಲ್‌ನ ಕೆಳಗೆ ರೆಕ್ಸಿನ್ ಮಡಿಸಿ ಪಿನ್ನು ಹೊಡೆದ ಜಾಗದಲ್ಲಿ ಸ್ವಲ್ಪ ಹಚ್ಚಿ ಒಂದು ದಿನ ಬಿಟ್ಟು ನೋಡಿ. ಬಣ್ಣ ಮಾಸಿದರೆ, ಅಂಟಾದರೆ, ಮುಟ್ಟಿದಾಗ ಒರಟು ಎನಿಸಿದರೆ ಅದು ನಿಮ್ಮ ಟೇಬಲ್‌ಗೆ ಆಗುವುದಿಲ್ಲ.

ಒಬ್ಬರು ಎದ್ದ ಮೇಲೆ, ಇನ್ನೊಬ್ಬರು ಮಲಗುವ ಮೊದಲು

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ: ಬೇರೆ ಬೇರೆ ಬಣ್ಣದ ಮೈಕ್ರೋಫೈಬರ್ ಬಟ್ಟೆಗಳು, 1 ಲೀಟರ್ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚದಷ್ಟು ಮೃದುವಾದ, ತಟಸ್ಥ ಪಿಎಚ್‌ನ ಸೋಪಿನ ದ್ರವ ಬೆರೆಸಿದ ಬಾಟಲಿ, ಬರಿ ನೀರಿನ ಇನ್ನೊಂದು ಬಾಟಲಿ, ಸೋಂಕುನಿವಾರಕ, ಕೈಗವಸು. ಸೋಪು ಹೆಚ್ಚಾದಷ್ಟೂ ಶುಚಿ ಹೆಚ್ಚು ಎಂಬ ಭ್ರಮೆ ಬೇಡ. ಹೆಚ್ಚಿನ ಸೋಪನ್ನು ತೆಗೆಯುವುದಕ್ಕೇ ಇನ್ನಷ್ಟು ನೀರು ಬೇಕಾಗುತ್ತದೆ, ಆ ನೀರು ಹೊಲಿಗೆಯೊಳಗೆ ಇಳಿಯುತ್ತದೆ.

1. ಕೈಗವಸು ಹಾಕಿಕೊಂಡು ಹಾಸುಬಟ್ಟೆಗಳನ್ನು ಒಳಮುಖವಾಗಿ ಸುತ್ತಿ ತೆಗೆಯಿರಿ. ಕೊಡವಬೇಡಿ. ಕೊಡವಿದರೆ ಚರ್ಮದ ಪುಡಿ, ಕೂದಲು ಕೋಣೆಯೆಲ್ಲ ಹರಡುತ್ತದೆ.

2. ಕಣ್ಣಿಗೆ ಕಾಣುವ ಎಣ್ಣೆಯನ್ನು ಮೊದಲು ಒಣಬಟ್ಟೆ ಅಥವಾ ಕಾಗದದ ಟವೆಲ್‌ನಿಂದ ಒತ್ತಿ ಹೀರಿಸಿ. ಇಲ್ಲಿ ಉಜ್ಜಬಾರದು, ಉಜ್ಜಿದರೆ ಅಂಗೈಯಗಲದ ಎಣ್ಣೆ ಟೇಬಲ್‌ನಗಲ ಆಗುತ್ತದೆ.

3. ಸೋಪಿನ ನೀರನ್ನು ಬಟ್ಟೆಗೆ ಹಾಕಿಕೊಂಡು ಒರೆಸಿ. ನೇರವಾಗಿ ರೆಕ್ಸಿನ್ ಮೇಲೆ ಸುರಿಯಬೇಡಿ. ಬಟ್ಟೆಯನ್ನು ಎರಡು ಸಲ ಮಡಿಸಿಕೊಂಡರೆ ಒಂದೇ ಬಟ್ಟೆಯಲ್ಲಿ 8 ಶುಚಿಯಾದ ಮುಖಗಳು ಸಿಗುತ್ತವೆ, ಒಂದು ಕೊಳೆಯಾದಂತೆ ಇನ್ನೊಂದಕ್ಕೆ ತಿರುಗಿಸಿ. ಕೈ ಒಂದೇ ದಿಕ್ಕಿನಲ್ಲಿ, ಕಡಿಮೆ ಕೊಳೆಯ ಕಡೆಯಿಂದ ಹೆಚ್ಚು ಕೊಳೆಯ ಕಡೆಗೆ ಸಾಗಲಿ. ಮೇಲ್ಭಾಗ ಮುಗಿದ ಮೇಲೆ ಪಕ್ಕದ ಅಂಚು, ಆಮೇಲೆ ಅಂಚಿನ ಅಡಿ. ಮಗ್ಗುಲು ಬದಲಿಸುವಾಗ ಮಲಗಿದವರು ಬೆರಳು ಹಾಕಿ ಹಿಡಿಯುವುದು ಆ ಅಡಿಭಾಗವನ್ನೇ, ಒರೆಸುವವರು ಮರೆಯುವುದೂ ಅದನ್ನೇ.

4. ಬರಿ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಸೋಪನ್ನು ತೆಗೆಯಿರಿ. ಈ ಹೆಜ್ಜೆಯನ್ನು ಬಿಡುವವರೇ ಹೆಚ್ಚು. ಹಲವು ಸೋಂಕುನಿವಾರಕಗಳಲ್ಲಿರುವ ಬೆಂಜಾಲ್ಕೋನಿಯಂ ಕ್ಲೋರೈಡ್‌ನಂಥ ಕ್ವಾಟರ್ನರಿ ಅಮೋನಿಯಂ ಸಂಯುಕ್ತಗಳು ಧನ ವಿದ್ಯುದಂಶದವು, ಸಾಮಾನ್ಯ ಸೋಪು ಋಣ ವಿದ್ಯುದಂಶದ್ದು. ಎರಡೂ ಸೇರಿದರೆ ಪರಸ್ಪರ ನಿಷ್ಕ್ರಿಯವಾಗುತ್ತವೆ. ಸೋಪು ಉಳಿದ ಮೇಲ್ಮೈಗೆ ಔಷಧಿ ಸಿಂಪಡಿಸಿದರೆ ಅದರ ಬಲ ಅಲ್ಲಿಯೇ ಕುಗ್ಗುತ್ತದೆ.

5. ಈಗ ಸೋಂಕುನಿವಾರಕ. ಮೇಲ್ಮೈ ಪೂರ್ತಿ ಒದ್ದೆಯಾಗಿ ಕಾಣುವಷ್ಟು ಹಚ್ಚಿ. ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಅದು ಒದ್ದೆಯಾಗಿಯೇ ಇರಬೇಕು. ಕೆಲವಕ್ಕೆ 1 ನಿಮಿಷ ಸಾಕು, ಕೆಲವಕ್ಕೆ 10 ನಿಮಿಷ ಬೇಕು. ನಡುವೆ ಒಣಗಿದರೆ ಮತ್ತೆ ಹಚ್ಚಿ.

6. ಆ ಸಮಯ ಮುಗಿದ ಮೇಲೆ ಇನ್ನೊಮ್ಮೆ ಬರಿ ನೀರಿನ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಪಸೆ ತೆಗೆಯಿರಿ. ಹೊದಿಕೆಯ ಮೇಲೆ ಔಷಧಿ ಪದರಪದರವಾಗಿ ಕೂರದಂತೆ ತಡೆಯುವುದು ಇದೊಂದೇ. ಮೇಲೆ ಮಲಗುವವರ ಚರ್ಮಕ್ಕೂ ಇದೇ ಕ್ಷೇಮ.

7. ದಿಂಬು, ಮಂಡಿಯ ಕೆಳಗಿಡುವ ಉರುಳೆ, ಎಣ್ಣೆಯ ಬಾಟಲಿ, ನೀವು ಕೂರುವ ಸ್ಟೂಲು, ಎತ್ತರ ಬದಲಿಸುವ ಗುಂಡಿ ಅಥವಾ ಸನ್ನೆಕೋಲು, ಇವನ್ನೂ ಅದೇ ಕ್ರಮದಲ್ಲಿ ಒರೆಸಿ. ಎಣ್ಣೆಯ ಬಾಟಲಿಯಂತೂ ಎಣ್ಣೆಗೈ ಮತ್ತೆ ಮತ್ತೆ ಮುಟ್ಟುವ ವಸ್ತು.

ಕೈಗವಸು ತೆಗೆದು ಕೈ ತೊಳೆದ ಮೇಲೆಯೇ ಹೊಸ ಹಾಸುಬಟ್ಟೆ ಮುಟ್ಟಿ. ಇಷ್ಟಕ್ಕೆಲ್ಲ ಸಮಯ ಬೇಕು. ಎರಡು ಭೇಟಿಗಳ ನಡುವೆ ಔಷಧಿಯ ಕಾಲಾವಧಿಯೂ ಸೇರಿ ಕನಿಷ್ಠ 15 ನಿಮಿಷ ಬಿಡುವು ಇರುವಂತೆ ದಿನದ ಪಟ್ಟಿ ಮಾಡಿಕೊಳ್ಳಿ. ಒಂದಕ್ಕೊಂದು ಅಂಟಿಸಿ ಬರೆದ ಪಟ್ಟಿಯಲ್ಲಿ ಮೊದಲು ಬಲಿಯಾಗುವುದು ಐದನೆಯ ಹೆಜ್ಜೆಯೇ.

ಯಾವ ಸೋಂಕುನಿವಾರಕ?

ನನ್ನ ಮೊದಲ ಆಯ್ಕೆ ಹೈಡ್ರೋಜನ್ ಪೆರಾಕ್ಸೈಡ್ ಆಧಾರಿತ, ಬಳಕೆಗೆ ಸಿದ್ಧವಾಗಿ ಬರುವ ದ್ರವ. ಅದು ಕೊನೆಗೆ ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ, ವಾಸನೆ ಕಡಿಮೆ, ಇಂಥ ಹಲವು ದ್ರವಗಳಿಗೆ ಬೇಕಾದ ಕಾಲಾವಧಿಯೂ ಕಡಿಮೆ. ಕ್ವಾಟರ್ನರಿ ದ್ರವಗಳು ರೆಕ್ಸಿನ್‌ಗೆ ಬಹುಮಟ್ಟಿಗೆ ಹೊಂದುತ್ತವೆ. ಆದರೆ ಅವನ್ನು ಹತ್ತಿಬಟ್ಟೆಯಲ್ಲಿ ಅದ್ದಿ ಒರೆಸಿದರೆ ಹತ್ತಿಯ ನಾರು ಔಷಧಿಯ ಅಂಶವನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ಮೇಲ್ಮೈಗೆ ಇಳಿಯುವುದು ದುರ್ಬಲವಾದ ದ್ರವ. ಅದಕ್ಕೇ ಸಿಂಪಡಿಸಿ ಹರಡುವುದು ಅಥವಾ ಕೃತಕ ನಾರಿನ ಒರೆಸುಬಟ್ಟೆ ಬಳಸುವುದು ಒಳ್ಳೆಯದು. ಯಾವುದನ್ನೇ ಕೊಳ್ಳಿ, ಶಿಲೀಂಧ್ರವನ್ನೂ ಕೊಲ್ಲುತ್ತದೆಂದು ಬಾಟಲಿಯ ಮೇಲೆ ಬರೆದಿರಲಿ. ಗಜಕರ್ಣ ಹರಡುವ ಸಾಧ್ಯತೆ ಇರುವ ಕೆಲಸ ನಮ್ಮದು.

70% ಆಲ್ಕೋಹಾಲ್ ಸೂಕ್ಷ್ಮಾಣುಗಳ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ, ರೆಕ್ಸಿನ್ ಮೇಲೆ ಕೆಟ್ಟದಾಗಿ. ಲೋಹದ ಗುಂಡಿ, ಸನ್ನೆಕೋಲಿಗೆ ಅದನ್ನು ಬಳಸಿ. ಹೊದಿಕೆಗೆ ದಿನನಿತ್ಯ ಬೇಡ.

ಬ್ಲೀಚ್ ಅಗ್ಗ, ಪರಿಣಾಮಕಾರಿ, ಆದರೆ ಲೆಕ್ಕ ತಪ್ಪಿದರೆ ಹೊದಿಕೆಯ ಬಣ್ಣವೂ ಹೊಲಿಗೆಯ ದಾರವೂ ಹೋಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೋವಿಡ್ ಸಂದರ್ಭಕ್ಕೆ ಮೇಲ್ಮೈಗಳಿಗೆ 0.1% ಮತ್ತು ರಕ್ತ ಹೆಚ್ಚು ಚೆಲ್ಲಿದ ಜಾಗಕ್ಕೆ 0.5% ಕ್ಲೋರಿನ್ ದ್ರಾವಣವನ್ನು ಸೂಚಿಸಿತ್ತು. ನಿಮ್ಮ ಬ್ಲೀಚ್ 5% ಇದ್ದರೆ 20 ಮಿಲಿ ಬ್ಲೀಚ್‌ಗೆ 980 ಮಿಲಿ ತಣ್ಣೀರು ಸೇರಿಸಿದಾಗ 0.1% ಆಗುತ್ತದೆ. ಬಿಸಿನೀರು ಬೇಡ, ಅದು ಕ್ಲೋರಿನ್ನನ್ನು ಒಡೆಯುತ್ತದೆ. ಅಂದಿನ ದ್ರಾವಣ ಅಂದಿಗೇ, ಉಳಿದದ್ದನ್ನು ಚೆಲ್ಲಿ. ಬ್ಲೀಚನ್ನು ವಿನೆಗರ್ ಅಥವಾ ಬೇರೆ ಯಾವುದೇ ಆಮ್ಲದ ಜೊತೆ, ಅಮೋನಿಯಾ ಇರುವ ಗಾಜು ಒರೆಸುವ ದ್ರವದ ಜೊತೆ, ಆಲ್ಕೋಹಾಲ್ ಜೊತೆ ಎಂದೂ ಬೆರೆಸಬೇಡಿ. ಹುಟ್ಟುವ ಅನಿಲ ಶ್ವಾಸಕೋಶಕ್ಕೆ ಅಪಾಯಕಾರಿ, ಮುಚ್ಚಿದ ಬಾಗಿಲಿನ ಸಣ್ಣ ಕೋಣೆಯಲ್ಲಂತೂ ಪ್ರಾಣಕ್ಕೇ ಅಪಾಯ.

ವಿನೆಗರ್, ಚಹಾ ಗಿಡದ ಎಣ್ಣೆಯ ಹನಿ ಬೆರೆಸಿದ ನೀರು, ಇಂಥ ಮನೆಮದ್ದುಗಳನ್ನು ಸೋಂಕುನಿವಾರಕವೆಂದು ನಂಬಬೇಡಿ. ಪರಿಮಳ ಬರುತ್ತದೆ, ಟೇಬಲ್ ಮೇಲಿನ ಸೋಂಕು ಹೋಯಿತು ಎನ್ನುವುದಕ್ಕೆ ಅದು ಆಧಾರವಲ್ಲ. ಕಿತ್ತಳೆ, ನಿಂಬೆಯ ಸಿಪ್ಪೆಯ ಎಣ್ಣೆಗಳಲ್ಲಿರುವ ಲಿಮೊನೀನ್ ಸ್ವತಃ ಒಂದು ದ್ರಾವಕ, ಅಂಟು ತೆಗೆಯುವ ದ್ರವಗಳಲ್ಲಿ ಬಳಸುವಂಥದ್ದು. ಬೆರೆಸದ ಸುಗಂಧ ತೈಲದ ಹನಿ ರೆಕ್ಸಿನ್ ಮೇಲೆ ಬಿದ್ದರೆ ಆ ಕ್ಷಣವೇ ಒರೆಸಿ.

ಮುಖದ ದಿಂಬು

ಟೇಬಲ್‌ನ ಅತ್ಯಂತ ಕೊಳೆಯಾಗುವ, ಅತ್ಯಂತ ಬೇಗ ಹಳತಾಗುವ ಭಾಗ ಇದು. ಉಸಿರು, ಎಂಜಲು, ಬೆವರು, ಪ್ರಸಾಧನ, ಕೂದಲಿನ ಎಣ್ಣೆ ಎಲ್ಲ ಇಲ್ಲಿಗೇ. ಕಣ್ಣು, ಮೂಗು, ಬಾಯಿ ಇದಕ್ಕೆ ತಾಗಿಕೊಂಡಿರುತ್ತವೆ. ಇದಕ್ಕೆ ಪ್ರತ್ಯೇಕ ಬಟ್ಟೆ ಇರಲಿ. ಕಾಲಿನ ಕಡೆ ಒರೆಸಿದ ಬಟ್ಟೆ ಇದರ ಹತ್ತಿರ ಸುಳಿಯಬಾರದು. ಪ್ರತಿಯೊಬ್ಬರಿಗೂ ಹೊಸ ಹೊದಿಕೆ ಹಾಕಿದರೂ ಅಡಿಯ ದಿಂಬನ್ನು ಒರೆಸಲೇಬೇಕು, ಏಕೆಂದರೆ ತೆಳುವಾದ ಹೊದಿಕೆ ತೇವವನ್ನು ತಡೆಯುವುದಿಲ್ಲ. ಔಷಧಿಯ ವಾಸನೆ ಉಳಿಯದಷ್ಟು ಚೆನ್ನಾಗಿ ನೀರಿನಿಂದ ಒರೆಸಿ. ಇಡೀ ಹೊತ್ತು ಆ ವಾಸನೆಯನ್ನೇ ಉಸಿರಾಡುತ್ತ ಮಲಗುವುದು ಯಾರಿಗೂ ಹಿತವಲ್ಲ.

ದಿಂಬನ್ನು ಚೌಕಟ್ಟಿನಿಂದ ಕಿತ್ತರೆ ಕೆಳಗೆ ವೆಲ್ಕ್ರೋ ಪಟ್ಟಿ ಕಾಣುತ್ತದೆ. ಅದರ ಕೊಕ್ಕೆಗಳಲ್ಲಿ ಕೂದಲು, ನೂಲು, ಧೂಳು ಸಿಕ್ಕಿಕೊಂಡಿರುತ್ತವೆ. ಹಳೆಯ ಹಲ್ಲುಜ್ಜುವ ಬ್ರಷ್ ಅಥವಾ ಸಣ್ಣ ಹಲ್ಲಿನ ಬಾಚಣಿಗೆಯಿಂದ ವಾರಕ್ಕೊಮ್ಮೆ ತೆಗೆಯಿರಿ. ಕೊಳೆ ತುಂಬಿದ ವೆಲ್ಕ್ರೋ ಹಿಡಿಯುವುದೂ ಇಲ್ಲ, ದಿಂಬು ಜಾರುತ್ತದೆ. ಟೇಬಲ್‌ನಲ್ಲೇ ಮುಖದ ರಂಧ್ರವಿದ್ದರೆ ಅದರ ಒಳಗೋಡೆಯ ಹೊಲಿಗೆಯನ್ನು ಬೆರಳಿಗೆ ಬಟ್ಟೆ ಸುತ್ತಿಕೊಂಡು ಸುತ್ತಲೂ ಒರೆಸಿ.

ಎಣ್ಣೆ ಹೀರಿದ ಬಟ್ಟೆಗಳು: ಬೆಂಕಿಯ ಎಚ್ಚರಿಕೆ

ಟೇಬಲ್‌ನಿಂದ ತೆಗೆದ ಬಟ್ಟೆಗಳ ಬಗ್ಗೆ ಇಲ್ಲಿ ಹೇಳಲೇಬೇಕು, ಏಕೆಂದರೆ ಇದು ಎಷ್ಟೋ ಮಂದಿಗೆ ತಿಳಿಯದ ಅಪಾಯ. ಎಳ್ಳು, ಬಾದಾಮಿ, ಸೂರ್ಯಕಾಂತಿಯಂಥ ಸಸ್ಯಜನ್ಯ ಎಣ್ಣೆಗಳಲ್ಲಿ ಅಪರ್ಯಾಪ್ತ ಕೊಬ್ಬು ಹೆಚ್ಚು. ಅದು ಗಾಳಿಯ ಆಮ್ಲಜನಕದೊಂದಿಗೆ ವರ್ತಿಸುವಾಗ ಶಾಖ ಹೊಮ್ಮುತ್ತದೆ. ಹರಡಿದ ಬಟ್ಟೆಯಲ್ಲಿ ಆ ಶಾಖ ಗಾಳಿಗೆ ಹೋಗಿಬಿಡುತ್ತದೆ. ರಾಶಿ ಹಾಕಿದ ಬಟ್ಟೆಯ ನಡುವೆ ಅದಕ್ಕೆ ದಾರಿ ಸಿಗುವುದಿಲ್ಲ. ಶಾಖ ಏರಿದಷ್ಟೂ ಕ್ರಿಯೆ ವೇಗ ಪಡೆಯುತ್ತದೆ, ಕೊನೆಗೆ ಕಿಡಿಯೇ ಇಲ್ಲದೆ ಬಟ್ಟೆ ಹೊತ್ತಿಕೊಳ್ಳಬಹುದು. ಡ್ರೈಯರ್‌ನಿಂದ ಬಿಸಿಬಿಸಿಯಾಗಿ ತೆಗೆದು ಮಡಿಸಿ ಒಟ್ಟಿದ ಟವೆಲ್‌ಗಳೇ ಇದರಲ್ಲಿ ಹೆಚ್ಚು ಅಪಾಯಕಾರಿ. ತೊಳೆದರೂ ಎಣ್ಣೆ ಪೂರ್ತಿ ಹೋಗಿರುವುದಿಲ್ಲ, ಬಿಸಿ ಮೊದಲೇ ಸೇರಿರುತ್ತದೆ.

ಹೀಗೆ ಮಾಡಿ. ಬಳಸಿದ ಬಟ್ಟೆಗಳನ್ನು ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಹಾಕಿ, ದಿನಗಟ್ಟಲೆ ಇಡದೆ ಆ ದಿನವೇ ತೊಳೆಯಿರಿ. ಎಣ್ಣೆ ಹೆಚ್ಚು ಬಿದ್ದ ಕಡೆ ಪಾತ್ರೆ ತೊಳೆಯುವ ದ್ರವ ಹಚ್ಚಿ ಸ್ವಲ್ಪ ಹೊತ್ತು ಬಿಡಿ. ಬಟ್ಟೆ ತಾಳುವುದಾದರೆ 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ, ಯಂತ್ರವನ್ನು ಇಡುಕಿರಿದು ತುಂಬದೆ ತೊಳೆಯಿರಿ. ಬಿಸಿಲಿನಲ್ಲಿ ಅಥವಾ ಗಾಳಿಯಲ್ಲಿ ಹರಡಿ ಒಣಗಿಸುವುದು ಎಲ್ಲಕ್ಕಿಂತ ಕ್ಷೇಮ. ಡ್ರೈಯರ್ ಬಳಸುವುದಾದರೆ ಕೊನೆಯ ತಣಿಸುವ ಸುತ್ತನ್ನು ಅರ್ಧಕ್ಕೆ ನಿಲ್ಲಿಸಬೇಡಿ. ಹೊರತೆಗೆದ ಬಟ್ಟೆ ಪೂರ್ತಿ ತಣ್ಣಗಾಗುವವರೆಗೆ ಮಡಿಸಬೇಡಿ. ತೊಳೆದ ಮೇಲೂ ಕಮಟು ವಾಸನೆ ಬರುವ ಬಟ್ಟೆಯಲ್ಲಿ ಎಣ್ಣೆ ಉಳಿದಿದೆ ಎಂದೇ ಅರ್ಥ. ಎರಡನೆಯ ಸಲ ತೊಳೆದರೂ ಹೋಗದಿದ್ದರೆ ಅದನ್ನು ಬಳಕೆಯಿಂದ ತೆಗೆದುಬಿಡಿ.

ಕಲೆಗಳು ಮತ್ತು ಹಳೆಯ ಜಿಡ್ಡು

ಒರೆಸದೆ ಉಳಿದ ಎಣ್ಣೆ ಕಾಲ ಕಳೆದಂತೆ ಗಾಳಿ ತಾಗಿ ಗಟ್ಟಿಯಾಗುತ್ತದೆ, ಅಂಟಂಟಾದ ಹಳದಿ ಪದರವಾಗುತ್ತದೆ. ಇದನ್ನು ಒಂದೇ ಸಲಕ್ಕೆ ಕೀಳಲು ಹೋಗಬೇಡಿ. ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬೆಚ್ಚಗಿನ ಬಟ್ಟೆಯನ್ನು ಆ ಜಾಗದ ಮೇಲೆ ಐದು ನಿಮಿಷ ಹಾಸಿ, ಮೆದುವಾದ ಮೇಲೆ ಒರೆಸಿ, ನೀರಿನಿಂದ ತೆಗೆದು ಒಣಗಿಸಿ. ಮಾರನೆಯ ದಿನ ಮತ್ತೆ ಮಾಡಿ. ಹೊಲಿಗೆಯ ಗೆರೆಗೆ ಮೃದುವಾದ ಬ್ರಷ್ ಸಾಕು. ಪಾತ್ರೆ ಉಜ್ಜುವ ಒರಟು ನಾರು ಬೇಡ, ಕಲೆ ತೆಗೆಯುವ ಬಿಳಿ ಮೆಲಮೈನ್ ಸ್ಪಂಜೂ ಬೇಡ. ಆ ಸ್ಪಂಜು ಮೆತ್ತಗೆ ಕಂಡರೂ ನಯವಾದ ಮರಳುಕಾಗದವೇ. ಹೊದಿಕೆಯ ಮೇಲಿನ ರಕ್ಷಣಾ ಪದರವನ್ನು ಕಲೆಯ ಜೊತೆಗೇ ಸವೆಸುತ್ತದೆ. ಹಬೆಯಿಂದ ಶುಚಿಗೊಳಿಸುವ ಯಂತ್ರವನ್ನೂ ದೂರ ಇಡಿ, ಅದರ ಬಿಸಿಗೆ ಅಂಟು ಸಡಿಲವಾಗಿ ತೇವ ಫೋಮಿಗೆ ಇಳಿಯುತ್ತದೆ.

ಜೀನ್ಸ್‌ನ ನೀಲಿ, ಪೆನ್ನಿನ ಶಾಯಿ ಬೇರೆ ಸ್ವಭಾವದವು. ಅವು ಮೇಲೆ ಕೂರುವುದಿಲ್ಲ, ಒಳಗೆ ಇಳಿಯುತ್ತವೆ, ಅದಕ್ಕೇ ಕಂಡ ಕೂಡಲೇ ಸೋಪಿನ ನೀರಿನಿಂದ ತೆಗೆಯಲು ನೋಡಬೇಕು. ಶಾಯಿಗೆ ಅನಿವಾರ್ಯವಾದರೆ ಹತ್ತಿಯ ತುದಿಗೆ ಸ್ವಲ್ಪ ಆಲ್ಕೋಹಾಲ್ ಹಾಕಿ ಕಲೆಯ ಮೇಲಷ್ಟೇ ಒತ್ತಿ, ತಕ್ಷಣ ನೀರಿನಿಂದ ಒರೆಸಿ. ಅಸಿಟೋನ್ ಎಂದೂ ಬೇಡ. ಹೊಳಪಿಗೆಂದು ಸಿಲಿಕೋನ್ ಸ್ಪ್ರೇ, ಪೀಠೋಪಕರಣದ ಪಾಲಿಶ್ ಹಚ್ಚುವವರಿದ್ದಾರೆ. ಹೊದಿಕೆ ಜಾರುತ್ತದೆ, ಹತ್ತಿ ಇಳಿಯುವವರು ಬೀಳಬಹುದು.

ಚೌಕಟ್ಟು, ಕೀಲು, ಕೇಬಲ್

ತಿಂಗಳಿಗೊಮ್ಮೆ ಹಾಸು ತೆಗೆದು ಟೇಬಲ್ಲನ್ನು ಮಗ್ಗುಲಿಗೆ ಮಲಗಿಸಿ, ಒಳ್ಳೆಯ ಬೆಳಕಿನಲ್ಲಿ ಅಡಿಭಾಗ ನೋಡಿ. ಮಡಚುವ ಟೇಬಲ್ ಆದರೆ ದಿನವೂ ಹೊತ್ತು ತಿರುಗುವವರು ವಾರಕ್ಕೊಮ್ಮೆ ನೋಡುವುದು ಲೇಸು.

ಮರದ ಚೌಕಟ್ಟು ಹವೆಯ ತೇವಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ, ಹಾಗಾಗಿ ಬೋಲ್ಟುಗಳು ತಾವಾಗಿಯೇ ಸಡಿಲವಾಗುತ್ತವೆ. ಸ್ಪಾನರ್ ಹಿಡಿದು ಬಿಗಿಮಾಡಿ, ಆದರೆ ಮೈಬಲವೆಲ್ಲ ಹಾಕಬೇಡಿ. ಅತಿಯಾಗಿ ಬಿಗಿದರೆ ವಾಷರ್ ಮರದೊಳಗೆ ಒತ್ತಿ ನಾರನ್ನು ಜಜ್ಜುತ್ತದೆ, ಮುಂದೆ ಆ ಬೋಲ್ಟು ಎಂದೂ ಬಿಗಿಯಾಗಿ ನಿಲ್ಲುವುದಿಲ್ಲ. ಕೀಲುಗಳ ಮೊಳೆಗಳು ಎದ್ದಿವೆಯೇ, ಅಂಟಿಸಿದ ಸಂದಿಗಳಲ್ಲಿ ಕೂದಲೆಳೆಯ ಬಿರುಕು ಇದೆಯೇ ಎಂದು ಬೆರಳಾಡಿಸಿ ನೋಡಿ.

ಮಡಚುವ ಟೇಬಲ್‌ನ ಅಡಿಯಲ್ಲಿ ಹಾದುಹೋಗುವ ಉಕ್ಕಿನ ಕೇಬಲ್‌ಗಳೇ ಅದರ ಪ್ರಾಣ. ಟೇಬಲ್ ತೆರೆದು ನಿಲ್ಲಿಸಿದಾಗ ಅವು ಬಿಗಿಯಾಗಿರಬೇಕು, ಎರಡು ಪಕ್ಕದ ಬಿಗಿತವೂ ಸಮನಾಗಿರಬೇಕು. ಒಂದು ಜೋಲುತ್ತಿದ್ದರೆ ಕಾಲು ಪೂರ್ತಿ ತೆರೆದಿಲ್ಲ, ಅಥವಾ ಕೀಲು ಬಾಗಿದೆ, ಅಥವಾ ಕೇಬಲ್ ತನ್ನ ಗಾಲಿಯಿಂದ ಜಾರಿದೆ. ಕೇಬಲ್‌ನ ಒಂದೇ ಒಂದು ಎಳೆ ತುಂಡಾಗಿ ಹೊರಚಾಚಿದ್ದರೂ ಆ ಟೇಬಲ್ ಮೇಲೆ ಯಾರನ್ನೂ ಮಲಗಿಸಬೇಡಿ. ಕೇಬಲ್ ಬದಲಾದ ಮೇಲೆಯೇ ಮುಂದಿನ ಕೆಲಸ. ಇದರಲ್ಲಿ ರಿಯಾಯಿತಿ ಇಲ್ಲ.

ಟೇಬಲ್ ಅಲುಗಾಡಿದರೆ ಮೊದಲು ನೆಲ ಸಮವಾಗಿದೆಯೇ ನೋಡಿ, ಆಮೇಲೆ ನಾಲ್ಕೂ ಕಾಲುಗಳನ್ನು ಒಂದೇ ರಂಧ್ರದ ಎತ್ತರಕ್ಕೆ ಹೊಂದಿಸಿದ್ದೀರಾ ನೋಡಿ. ಕಾಲಿನ ಗುಂಡಿಗಳನ್ನು ಪೂರ್ತಿ ಸಡಿಲಿಸಿ, ಟೇಬಲ್ ತಾನಾಗಿ ನೆಲಕ್ಕೆ ಕೂರಲು ಬಿಟ್ಟು, ಮತ್ತೆ ಬಿಗಿಮಾಡಿದರೆ ಬಹಳಷ್ಟು ಸಲ ಸರಿಹೋಗುತ್ತದೆ. ರಬ್ಬರ್ ಪಾದ ಸವೆದಿದ್ದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ.

ಕಿರುಗುಟ್ಟುವ ಸದ್ದು ಎಲ್ಲಿಂದ ಎಂದು ಕಂಡುಹಿಡಿಯಲು ಇಬ್ಬರು ಬೇಕು: ಒಬ್ಬರು ಮೇಲಿಂದ ಒತ್ತಲಿ, ಇನ್ನೊಬ್ಬರು ಕೆಳಗೆ ಕಿವಿಗೊಡಲಿ. ಸಡಿಲ ಬೋಲ್ಟು ಕಾರಣವಲ್ಲದಿದ್ದರೆ ಮರಕ್ಕೆ ಮರ ಉಜ್ಜುತ್ತಿರುತ್ತದೆ. ಅಲ್ಲಿಗೆ ಮೇಣದ ಬತ್ತಿಯನ್ನು ಉಜ್ಜಿದರೆ ಸಾಕು. ಮರದ ಸಂದಿಗೆ ಎಣ್ಣೆ ಬಿಡಬೇಡಿ, ಮರ ಅದನ್ನು ಕುಡಿದು ಧೂಳು ಹಿಡಿಯುತ್ತದೆ. ಲೋಹದ ಕೀಲಿಗೆ ಒಣ ಬಗೆಯ ಲೂಬ್ರಿಕೆಂಟ್ ಸ್ವಲ್ಪವೇ ಹಾಕಿ, ಹೆಚ್ಚಾದದ್ದನ್ನು ಒರೆಸಿ.

ಭಾರದ ಬಗ್ಗೆ ಒಂದು ಮಾತು. ಜಾಹೀರಾತಿನಲ್ಲಿ ಕಾಣುವ ದೊಡ್ಡ ಅಂಕಿ ಹೆಚ್ಚಾಗಿ ಸ್ಥಿರ ಭಾರದ್ದು, ಅಂದರೆ ಅಲುಗಾಡದೆ ಇಟ್ಟ ತೂಕ. ನಮಗೆ ಬೇಕಾದದ್ದು ಕೆಲಸದ ಭಾರ: ಮಲಗಿದವರ ತೂಕ ಮತ್ತು ಅವರ ಮೇಲೆ ನಾವು ಹಾಕುವ ಒತ್ತಡ ಸೇರಿ. ಈ ಅಂಕಿ ಬಹಳ ಚಿಕ್ಕದು. ಧೊಪ್ಪನೆ ಕೂರುವುದು, ಮಂಡಿಯೂರಿ ಹತ್ತುವುದು ಕೀಲಿಗೆ ಅತಿ ಕೆಟ್ಟದ್ದು, ತುದಿಯಲ್ಲಿ ಕೂತರೆ ಟೇಬಲ್ ಮಗುಚಲೂಬಹುದು. ಹೇಗೆ ಹತ್ತಬೇಕು ಎಂದು ಬಂದವರಿಗೆ ಮೊದಲೇ ಹೇಳಿ.

ವಿದ್ಯುತ್ ಟೇಬಲ್ ಇದ್ದರೆ

ಒರೆಸುವ ಮೊದಲು ಪ್ಲಗ್ ತೆಗೆಯಿರಿ. ಮೋಟಾರು, ಕೈ ಗುಂಡಿ, ಕಾಲಿನ ಪೆಡಲ್ ಮೇಲೆ ಏನನ್ನೂ ಸಿಂಪಡಿಸಬೇಡಿ. ಹಿಂಡಿದ ಬಟ್ಟೆ ಸಾಕು. ತಂತಿ ಕಾಲುಗಳ ಕತ್ತರಿಯ ನಡುವೆ ಸಿಕ್ಕಿಕೊಳ್ಳದಂತೆ ಕಟ್ಟಿಡಿ. ಕೆಳಗೆ ಸ್ಟೂಲು, ಬಕೆಟ್ ಇಟ್ಟು ಮರೆತು ಟೇಬಲ್ ಇಳಿಸಿದರೆ ಮೋಟಾರು ಹಾಳಾಗುವುದು ಇರಲಿ, ಕೈಕಾಲು ಸಿಕ್ಕಿದರೆ ದೊಡ್ಡ ಅನಾಹುತ. ಇಂಥ ಮೋಟಾರುಗಳು ಸತತ ಓಡಲು ಮಾಡಿದವಲ್ಲ. ಸಾಮಾನ್ಯವಾಗಿ 2 ನಿಮಿಷ ಓಡಿದರೆ 18 ನಿಮಿಷ ವಿಶ್ರಾಂತಿ ಎಂಬ ಲೆಕ್ಕವಿರುತ್ತದೆ. ಶುಚಿಮಾಡುವಾಗ ಸುಮ್ಮನೆ ಏರಿಸಿ ಇಳಿಸಿ ಆಡಬೇಡಿ. ಹೈಡ್ರಾಲಿಕ್ ಟೇಬಲ್‌ನ ಕೆಳಗೆ ಎಣ್ಣೆಯ ತೊಟ್ಟು ಕಂಡರೆ, ಅಥವಾ ಏರಿಸಿದ ಟೇಬಲ್ ತಾನಾಗಿ ಮೆಲ್ಲಗೆ ಇಳಿಯುತ್ತಿದ್ದರೆ, ಬಳಕೆ ನಿಲ್ಲಿಸಿ ತಂತ್ರಜ್ಞರನ್ನು ಕರೆಯಿರಿ.

ಮಡಚುವುದು, ಸಾಗಿಸುವುದು, ಇಡುವುದು

ಒದ್ದೆ ಟೇಬಲ್ಲನ್ನು ಚೀಲಕ್ಕೆ ಹಾಕಬೇಡಿ. ಬೂಷ್ಟು ಮೊದಲು ಹೊಲಿಗೆಯಲ್ಲಿ ಕಾಣುತ್ತದೆ, ಅಷ್ಟರಲ್ಲಿ ಫೋಮಿನೊಳಗೆ ಬೇರೂರಿರುತ್ತದೆ. ಮಡಚಿದಾಗ ಕಾಲುಗಳು ಒಳಗೆ, ರೆಕ್ಸಿನ್ ಹೊರಗೆ ಇರುವುದರಿಂದ ಚೀಲವಿಲ್ಲದೆ ಸಾಗಿಸಿದರೆ ಗೋಡೆ, ಬಾಗಿಲ ಚಿಲಕ ಎಲ್ಲವೂ ಗೀರುತ್ತವೆ. ತೆರೆದ ಟೇಬಲ್ಲನ್ನು ಎಳೆಯಬೇಡಿ, ಇಬ್ಬರು ಎತ್ತಿ ಇಡಿ. ಬಿಸಿಲಿಗೆ ನಿಲ್ಲಿಸಿದ ವಾಹನದೊಳಗೆ ಬಿಟ್ಟು ಹೋದರೆ ಅಂಟು ಸಡಿಲವಾಗುತ್ತದೆ. ಕೊರೆಯುವ ಚಳಿಯಲ್ಲಿ ಬಿಟ್ಟರೆ ರೆಕ್ಸಿನ್ ಬಿರುಸಾಗಿ ಬಗ್ಗಿಸಿದಲ್ಲಿ ಸೀಳುತ್ತದೆ. ಕೋಣೆಯ ಹದಕ್ಕೆ ಬಂದ ಮೇಲೆಯೇ ತೆರೆಯಿರಿ. ಕಿಟಕಿಯ ನೇರ ಬಿಸಿಲು ದಿನವೂ ಒಂದೇ ಕಡೆ ಬೀಳದಂತೆ ಟೇಬಲ್‌ನ ಜಾಗ ಆರಿಸಿ.

ಹರಿದರೆ

ಕೂದಲೆಳೆಯ ಸೀಳಾದರೂ ಅದು ಸೌಂದರ್ಯದ ಪ್ರಶ್ನೆಯಲ್ಲ. ಹೊದಿಕೆ ಸೀಳಿದ ಕಡೆ ಎಣ್ಣೆ, ಬೆವರು ಫೋಮಿಗೆ ಇಳಿಯುತ್ತವೆ, ಫೋಮನ್ನು ಯಾವ ಔಷಧಿಯಿಂದಲೂ ಶುಚಿ ಮಾಡಲಾಗದು. ಸಣ್ಣ ಸೀಳಿಗೆ ವಿನೈಲ್ ತೇಪೆ ಹಚ್ಚಬಹುದು. ಆ ಜಾಗದ ಜಿಡ್ಡನ್ನು ಪೂರ್ತಿ ತೆಗೆದು ಒಣಗಿಸದಿದ್ದರೆ ತೇಪೆ ಹಿಡಿಯುವುದಿಲ್ಲ, ಮೂಲೆಗಳನ್ನು ದುಂಡಗೆ ಕತ್ತರಿಸಿದರೆ ಬೇಗ ಏಳುವುದಿಲ್ಲ. ಆದರೆ ಇದು ತಾತ್ಕಾಲಿಕ. ಸಿಪ್ಪೆ ಏಳಲು ಆರಂಭಿಸಿದ ಪಿಯು ಹೊದಿಕೆಗೆ ತೇಪೆಯಿಂದ ಪ್ರಯೋಜನವಿಲ್ಲ. ಇಂದು ಇಲ್ಲಿ, ನಾಳೆ ಅಲ್ಲಿ.

ಚೌಕಟ್ಟು, ಕೀಲು, ಕೇಬಲ್ ಗಟ್ಟಿಯಾಗಿದ್ದರೆ ಹೊಸ ಹೊದಿಕೆ ಹಾಕಿಸುವುದು ಸರಿಯಾದ ದಾರಿ. ಹಾಕಿಸುವಾಗ ಹಳೆಯ ಫೋಮನ್ನೂ ತೆಗೆಸಿ ನೋಡಿ: ಹಳದಿಗಟ್ಟಿ ಪುಡಿಯಾಗುತ್ತಿದ್ದರೆ, ಒತ್ತಿದ ಬೆರಳಿನ ಗುರುತು ಮೇಲೇಳದಿದ್ದರೆ, ವಾಸನೆ ಬಂದರೆ ಅದನ್ನೂ ಬದಲಿಸಿ. ಸೋಂಕುನಿವಾರಕಗಳನ್ನು ತಾಳುವ, ಚಿಕಿತ್ಸಾ ಪೀಠೋಪಕರಣಗಳಿಗೆಂದೇ ಮಾಡಿದ ರೆಕ್ಸಿನ್ ಕೇಳಿ ಹಾಕಿಸಿ. ಸೋಫಾದ ರೆಕ್ಸಿನ್ ಈ ಕೆಲಸಕ್ಕೆ ಬಾಳುವುದಿಲ್ಲ. ಮುಖ್ಯ ತೊಲೆ ಬಿರುಕು ಬಿಟ್ಟಿದ್ದರೆ, ಕೀಲು ಕೂತ ಮರ ಸೀಳಿದ್ದರೆ ಹೊದಿಕೆಗೆ ಹಣ ಹಾಕಬೇಡಿ. ಅಂಥ ಟೇಬಲ್ಲನ್ನು ಅಗ್ಗಕ್ಕೆ ಇನ್ನೊಬ್ಬರಿಗೆ ಮಾರುವುದೂ ಬೇಡ. ಕಾಲುಗಳನ್ನು ಬಿಚ್ಚಿ, ಕೇಬಲ್ ಕತ್ತರಿಸಿ, ಯಾರೂ ಎತ್ತಿ ನಿಲ್ಲಿಸಿ ಬಳಸಲಾಗದಂತೆ ಮಾಡಿ ವಿಲೇವಾರಿ ಮಾಡಿ.